ದೇವರನ್ನು ನಂಬಿದವರಿಗೆ ಕಷ್ಟದ ಅರ್ಥ ತಿಳಿಯುತ್ತದೆಯೇ?

ಪ್ರಶ್ನೆ: ದೈವನಂಬಿಕೆ ಇರುವವರು ಕಷ್ಟವನ್ನು ಅರ್ಥ ಮಾಡಿಕೊಂಡು ತಾಳಿಕೊಳ್ಳುತ್ತಾರೆ, ಇಲ್ಲದವರು ಕುಸಿದುಹೋಗುತ್ತಾರೆ ಅನ್ನುತ್ತಾರೆ. ನಿಜವೇ? ಅಥವಾ ನಂಬಿಕೆ ಅನ್ನುವುದು ಮನಸ್ಸಿಗೆ ನಾವೇ ಹೇಳಿಕೊಳ್ಳುವ ಸಮಾಧಾನವೇ?

ಉತ್ತರ: ಇದಕ್ಕೆ ಉತ್ತರ ಬರೆಯುತ್ತಿರುವುದು ಎಷ್ಟನೇ ಸಲವೋ, ಎಣಿಸುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ‘ಒಳ್ಳೆಯವರಿಗೇ ಯಾಕೆ ಹೀಗೆ?’ ಎಂದು ಒಮ್ಮೆ, ‘ದೇವರನ್ನು ಅಷ್ಟು ನಂಬಿದ್ದರಲ್ಲ, ಕೊನೆಗೆ ಏನು ಸಿಕ್ಕಿತು?’ ಎಂದು ಇನ್ನೊಮ್ಮೆ. ಕೇಳುವವರಲ್ಲೂ ಎರಡು ಬಗೆ. ಚರ್ಚೆಗೆಂದು ಕೇಳುವವರು ಕೆಲವರು. ಯಾರನ್ನೋ ಕಳೆದುಕೊಂಡು, ರಾತ್ರಿ ನಿದ್ದೆ ಬಾರದೆ ಕೇಳುವವರು ಕೆಲವರು. ಇಬ್ಬರಿಗೂ ಒಂದೇ ಉತ್ತರ ಹೇಳಲಾಗದು. ಚರ್ಚೆಯವರಿಗೆ ಬೇಕಾದ್ದನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ.

ನಂಬಿಕೆಯಿಂದ ಸಹಾಯ ಆಗುತ್ತದೆ, ಬಹಳ ಜನಕ್ಕೆ. ಎಲ್ಲರಿಗೂ ಅಲ್ಲ, ಎಲ್ಲ ಬಗೆಯ ನಂಬಿಕೆಯಿಂದಲೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಇದೊಂದೇ ವಿಷಯಕ್ಕೆ ಕೊಟ್ಟವರು. ‘ದೇವರು ನನ್ನ ಜೊತೆ ಇದ್ದಾನೆ, ಇಬ್ಬರೂ ಸೇರಿ ಇದನ್ನು ದಾಟುತ್ತೇವೆ’ ಎಂದುಕೊಳ್ಳುವ ನಂಬಿಕೆ ಒಂದು. ‘ದೇವರು ನನ್ನನ್ನು ಕೈಬಿಟ್ಟ, ಇದು ನನಗೆ ಕೊಟ್ಟ ಶಿಕ್ಷೆ’ ಎಂದು ಕೊರಗುವ ನಂಬಿಕೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಬೇಡಿ ಎನ್ನುವುದು ಅವರ ವಾದದ ತಿರುಳು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರೂ ಅವರ ಸಹೋದ್ಯೋಗಿಗಳೂ 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿದರು. ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಅವನು ನನ್ನನ್ನು ತೊರೆದ ಎಂದುಕೊಂಡವರು ಆ ಅವಧಿಯಲ್ಲಿ ತೀರಿಕೊಳ್ಳುವ ಸಂಭವ ಹೆಚ್ಚಿತ್ತು. ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೆಚ್ಚೇ ಇತ್ತು. ಗಮನಿಸಿ, ಇವರು ನಾಸ್ತಿಕರಲ್ಲ. ನಂಬಿದವರೇ.

ಇನ್ನೊಂದು ಲೆಕ್ಕ ನ್ಯೂಜಿಲೆಂಡಿನದು. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಗರದ ಭೂಕಂಪದಲ್ಲಿ 185 ಜನ ಸತ್ತರು. ದೇಶದ ಜನರ ಮನೋಭಾವ ತಿಳಿಯುವ ಒಂದು ದೀರ್ಘಕಾಲದ ಸಮೀಕ್ಷೆ ಅದಕ್ಕೂ ಮೊದಲೇ ನಡೆಯುತ್ತಿತ್ತು. ಹಾಗಾಗಿ ಭೂಕಂಪಕ್ಕೆ ಮೊದಲು ಮತ್ತು ಆಮೇಲೆ ಏನಾಯಿತೆಂದು ಹೋಲಿಸಿ ನೋಡುವ ಅಪರೂಪದ ಅವಕಾಶ ಸಿಕ್ಕಿತು. ದೇಶದ ಉಳಿದೆಡೆ ಧಾರ್ಮಿಕ ನಂಬಿಕೆ ಇಳಿಯುತ್ತಿದ್ದರೆ, ಭೂಕಂಪಕ್ಕೆ ಸಿಕ್ಕವರಲ್ಲಿ ಅದು ಏರಿತ್ತು. ಆದರೆ ನಂಬಿಕೆ ಇದ್ದವರು ತಮ್ಮ ಆರೋಗ್ಯದ ಬಗ್ಗೆ ಇಲ್ಲದವರಿಗಿಂತ ಮೇಲಾದ ಮಾತೇನೂ ಹೇಳಲಿಲ್ಲ. ನಿಜವಾಗಿ ಸೊರಗಿದವರು ಭೂಕಂಪದ ಜೊತೆಗೆ ಇದ್ದ ನಂಬಿಕೆಯನ್ನೂ ಕಳೆದುಕೊಂಡವರು. ‘ನಂಬಿದವರು ತಾಳುತ್ತಾರೆ, ಇಲ್ಲದವರು ಕುಸಿಯುತ್ತಾರೆ’ ಎನ್ನುವ ಮಾತು ಇಲ್ಲಿಗೆ ಬಿದ್ದುಹೋಯಿತು. ಕಂಬವೇ ಇಲ್ಲದ ಮನೆಗೂ ನಡುವೆ ಕಂಬ ಕಿತ್ತ ಮನೆಗೂ ವ್ಯತ್ಯಾಸ ಇದೆ.

ಈಗ ನನಗೆ ತಲೆನೋವಾಗಿರುವ ವಿಷಯಕ್ಕೆ ಬರುತ್ತೇನೆ.

‘ಕಷ್ಟ ಬಂತು ಅಂದರೆ ಹಿಂದೆ ಏನೋ ಮಾಡಿದ್ದಾರೆ ಅಂತ ಅರ್ಥ. ಎಲ್ಲ ಧರ್ಮಗಳೂ ಹೇಳುವುದು ಇದನ್ನೇ. ಇದು ಅರ್ಥವಾದರೆ ನೊಂದವರಿಗೆ ಸಮಾಧಾನ.’ ಎಷ್ಟು ಸಲ ಕಿತ್ತು ಹಾಕಿದರೂ ಚಿಗುರುವ ಕಳೆ ಇದು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಮೋಸ ಮಾಡಿ ಸಿಕ್ಕಿಬಿದ್ದವನಿಗೆ ಹೇಳಿ, ನನ್ನ ತಕರಾರಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಎದುರು ಕೂತು, ಕಣ್ಣಲ್ಲಿ ನೀರು ತಂದುಕೊಂಡು, ‘ಯಾವ ಜನ್ಮದ್ದೋ ಏನೋ’ ಅನ್ನುತ್ತಾರಲ್ಲ, ತಕರಾರು ಅಲ್ಲಿ. ಸುಳ್ಳು ಯಾಕೆ, ಚಿಕ್ಕ ವಯಸ್ಸಿನಲ್ಲಿ ನಾನೂ ಅಂದಿದ್ದೇನೆ. ಆಕೆ ಏನೂ ಉತ್ತರಿಸಲಿಲ್ಲ. ಎದ್ದು ಒಳಗೆ ಹೋದರು. ಆ ಬೆನ್ನು ಇವತ್ತಿಗೂ ನೆನಪಿದೆ.

ಎಲ್ಲ ಧರ್ಮಗಳೂ ಇದನ್ನೇ ಹೇಳುತ್ತವೆ ಎನ್ನುವವರು ತಮ್ಮ ಧರ್ಮದ ಗ್ರಂಥವನ್ನಾದರೂ ಬಿಡಿಸಿ ನೋಡಿದ್ದಾರೆಯೇ ಎಂದು ನನಗೆ ಅನುಮಾನ. ಕರ್ಮ, ಶಿಕ್ಷೆ, ಪಾಪದ ಫಲ ಎನ್ನುವ ಮಾತು ಅವುಗಳಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ. ಆದರೆ ಅದಕ್ಕೆ ತಕರಾರು ತೆಗೆದವರ ದನಿಯನ್ನೂ ಅವೇ ಗ್ರಂಥಗಳು ಕಾಪಾಡಿಕೊಂಡು ಬಂದಿವೆ, ಅದೂ ಗೌರವದಿಂದ.

ಮಾಂಡವ್ಯನ ಕಥೆ ನೆನಪಿಸಿಕೊಳ್ಳಿ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಬಂದು ಅಡಗುತ್ತಾರೆ. ರಾಜಭಟರು ಋಷಿಯನ್ನೂ ಸೇರಿಸಿ ಹಿಡಿದು ಶೂಲಕ್ಕೇರಿಸುತ್ತಾರೆ. ಆಮೇಲೆ ಮಾಂಡವ್ಯ ನೇರವಾಗಿ ಧರ್ಮದೇವತೆಯ ಬಳಿಗೇ ಹೋಗಿ ಕೇಳುತ್ತಾನೆ: ನಾನು ಮಾಡಿದ ತಪ್ಪೇನು? ಬಾಲ್ಯದಲ್ಲಿ ನೀನು ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ್ದೆ, ಅದರ ಫಲ ಇದು ಎಂದು ಉತ್ತರ. ಇಂದಿನ ‘ಯಾವ ಜನ್ಮದ್ದೋ’ ಪಂಡಿತರಾದರೆ ಇಲ್ಲಿಗೆ ಕೈಮುಗಿದು ಕಥೆ ಮುಗಿಸುತ್ತಿದ್ದರು. ಮಾಂಡವ್ಯ ಮುಗಿಸಲಿಲ್ಲ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಸಿಡಿದ. ಇನ್ನು ಮುಂದೆ ಹದಿನಾಲ್ಕು ವರ್ಷದ ಒಳಗಿನವರು ಮಾಡಿದ್ದು ಪಾಪವೇ ಅಲ್ಲ ಎಂದು ಹೊಸ ನಿಯಮ ಹಾಕಿದ. ಧರ್ಮದೇವತೆಗೇ ಶಾಪ ಕೊಟ್ಟ. ಆ ಶಾಪದಿಂದಲೇ ವಿದುರ ಹುಟ್ಟಿದ್ದು. ಮಹಾಭಾರತ ಈ ವಾದದಲ್ಲಿ ಗೆಲ್ಲಿಸಿರುವುದು ಯಾರನ್ನು? ಲೆಕ್ಕ ಹಾಕಿದವನನ್ನಲ್ಲ, ಲೆಕ್ಕವೇ ತಪ್ಪು ಅಂದವನನ್ನು. ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿದಾಗಲೆಲ್ಲ ಹಿಂದಿನ ಸಾಲಿನವರೂ ತಲೆ ಎತ್ತುತ್ತಿದ್ದರು.

ಬುದ್ಧನನ್ನು ಮೋಳಿಯಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆ ಕೇಳಿದ್ದ: ಮನುಷ್ಯ ಅನುಭವಿಸುವುದೆಲ್ಲ ಪೂರ್ವಕರ್ಮದಿಂದಲೇ ಅನ್ನುತ್ತಾರಲ್ಲ, ನೀವೇನನ್ನುತ್ತೀರಿ? ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ, ಮೂರೂ ಸೇರಿ, ಋತು ಬದಲಾಗಿ, ಎಚ್ಚರ ತಪ್ಪಿ ನಡೆದು, ಬೇರೆಯವರ ಪೆಟ್ಟಿನಿಂದ ಬರುತ್ತದೆ ಎಂದು ಬುದ್ಧ ಪಟ್ಟಿ ಕೊಟ್ಟ. ಎಂಟನೆಯದಾಗಿ ಕರ್ಮ ಬಂತು. ಎಲ್ಲವೂ ಪೂರ್ವಕರ್ಮವೇ ಅನ್ನುವವರು ತಾವೇ ಕಂಡು ತಿಳಿಯಬಹುದಾದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂದೂ ಸೇರಿಸಿದ. ಕರ್ಮವನ್ನು ಒಪ್ಪಿದವನೇ ಹೇಳಿದ ಮಾತಿದು ಅನ್ನುವುದನ್ನು ಮರೆಯಬೇಡಿ.

ಬೈಬಲ್ಲಿಗೆ ಬನ್ನಿ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಕೇಳುತ್ತಾರೆ: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂಬುದು ಉತ್ತರ. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತರಲ್ಲ, ಅವರೇನು ಊರಲ್ಲಿ ಉಳಿದವರೆಲ್ಲರಿಗಿಂತ ಹೆಚ್ಚು ಪಾಪಿಗಳೇ ಎಂದು ಇನ್ನೊಮ್ಮೆ ಅವನೇ ಕೇಳಿ, ಅಲ್ಲ ಅನ್ನುತ್ತಾನೆ. ಯೋಬನ ಕಥೆಯಂತೂ ಈ ಕಳೆಯನ್ನು ಕೀಳಲೆಂದೇ ಬರೆದಂತಿದೆ. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು, ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಆಮೇಲೆ ಬಾಯಿ ಬಿಟ್ಟರು. ಏನೋ ತಪ್ಪು ಮಾಡಿರಬೇಕು, ಒಪ್ಪಿಕೋ ಎಂದು ಅಧ್ಯಾಯಗಟ್ಟಲೆ ಉಪದೇಶಿಸಿದರು. ಕೊನೆಗೆ ದೇವರು ಸಿಟ್ಟಾಗಿದ್ದು, ಅಷ್ಟುದ್ದಕ್ಕೂ ತನ್ನನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ವಹಿಸಿದ ಈ ಮೂವರ ಮೇಲೆ.

ಹಾಗಾದರೆ ಈ ನಂಬಿಕೆ ಸಾಯುವುದಿಲ್ಲ ಯಾಕೆ? ಅದರಿಂದ ಲಾಭ ಆಗುವುದು ನೊಂದವನಿಗಲ್ಲ, ನೋಡುವವನಿಗೆ, ಅದಕ್ಕೆ. 1966ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಮೆಲ್ವಿನ್ ಲರ್ನರ್ ಮತ್ತು ಕೆರೊಲಿನ್ ಸಿಮನ್ಸ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬಳು ಹುಡುಗಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವಳಿಗೆ ವಿದ್ಯುತ್ ಆಘಾತ ಕೊಡುವುದನ್ನು ವಿದ್ಯಾರ್ಥಿನಿಯರು ನೋಡಬೇಕು. ಎಲ್ಲ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ಆಘಾತವನ್ನು ತಪ್ಪಿಸುವ ಅವಕಾಶ ಸಿಕ್ಕಿದಾಗ ಹೆಚ್ಚಿನವರು ತಪ್ಪಿಸಿದರು. ನೋವು ಮುಂದುವರಿಯುತ್ತದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದಾದಾಗ ಮಾತ್ರ ಬೇರೆಯದೇ ನಡೆಯಿತು: ಆ ಹುಡುಗಿಯನ್ನೇ ಕೀಳಾಗಿ ನೋಡತೊಡಗಿದರು. ನಿರಪರಾಧಿಗೂ ಹೀಗಾಗುವುದಾದರೆ ನಾಳೆ ನನಗೂ ಆಗಬಹುದು, ಆ ಭಯ ಹೊರುವುದಕ್ಕಿಂತ ‘ಅವಳಲ್ಲೇ ಏನೋ ಇದೆ’ ಎಂದುಕೊಳ್ಳುವುದು ಹಗುರ. ಲೋಕ ನ್ಯಾಯವಾಗಿಯೇ ಇದೆ ಎಂದು ನಂಬಿಕೊಳ್ಳುವ ಹಠ ಎಂದು ಲರ್ನರ್ ಇದನ್ನು ವಿವರಿಸಿದರು. ದೇವರ ಹೆಸರು ಆ ಪ್ರಯೋಗದಲ್ಲಿ ಎಲ್ಲೂ ಬರುವುದಿಲ್ಲ. ಅಂದರೆ ಈ ರೋಗ ಧರ್ಮದ್ದಲ್ಲ, ಮನುಷ್ಯನದು. ಧರ್ಮದ ಬಟ್ಟೆ ಹಾಕಿಕೊಂಡು ಓಡಾಡುತ್ತದೆ, ಅಷ್ಟೇ.

ದೊಡ್ಡವರೂ ಇದಕ್ಕೆ ಹೊರತಲ್ಲ. 1934ರ ಜನವರಿ 15ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂದರು. ಉದ್ದೇಶ ಒಳ್ಳೆಯದೇ. ಆದರೆ ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧೀಜಿಯ ಪರವಾಗಿಯೇ ಇದ್ದ ರವೀಂದ್ರನಾಥ ಠಾಕೂರರು ಸುಮ್ಮನಿರಲಿಲ್ಲ. ಪ್ರಕೃತಿಯ ಘಟನೆಗೆ ನೀತಿಯ ಕಾರಣ ಅಂಟಿಸಬಾರದು, ಈ ಬಗೆಯ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತದೆ ಎಂದು ಖಂಡಿಸಿದರು. ಸರಿಯೇ ಅಲ್ಲವೇ? ಅದೇ ಭೂಕಂಪ ತೋರಿಸಿ, ಇದು ಸಂಪ್ರದಾಯ ಮುರಿಯ ಹೊರಟಿದ್ದಕ್ಕೆ ಬಂದ ದಂಡನೆ ಎಂದು ಅವರೂ ಹೇಳಬಹುದು. ಭೂಕಂಪವನ್ನು ಯಾವ ಕಡೆಗೆ ಬೇಕಾದರೂ ಸಾಕ್ಷಿ ಹೇಳಿಸಬಹುದು. ಠಾಕೂರರ ಖಂಡನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ಅವರ ದೊಡ್ಡತನ ಅದು. ತಮ್ಮ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಸರಿ, ಕಳೆ ಕಿತ್ತಾಯಿತು; ಮುಂದಿನ ತಿಂಗಳು ಮತ್ತೆ ಚಿಗುರುತ್ತದೆ, ಗೊತ್ತು. ನಿದ್ದೆ ಬಾರದವರಿಗೆ ಹೇಳಬೇಕಾದ್ದು ಇನ್ನೂ ಉಳಿದಿದೆ.

ನಂಬಿಕೆ ನಿಜವಾಗಿ ಕೈಹಿಡಿದ ಕಡೆಯಲ್ಲೆಲ್ಲ ಅದು ‘ಯಾಕೆ’ ಎಂಬುದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕಂಡಿದ್ದು ಕಡಿಮೆ. ಕೊಟ್ಟದ್ದು ಬೇರೆ ಏನನ್ನೋ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ ಪುನರ್ಜನ್ಮದ ಪಾಠ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದು ಕಳಿಸಿದ. ಎಲ್ಲರಿಗೂ ಸಾವಿದೆ ಎಂದು ಕಲಿಸಲು ಹಾಗೆ ಮಾಡಿದ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅಷ್ಟೇ ಆಗಿದ್ದರೆ ಕೂರಿಸಿ ಒಂದು ಮಾತಿನಲ್ಲಿ ಹೇಳಬಹುದಿತ್ತಲ್ಲ? ಅವಳನ್ನು ಮನೆಮನೆಯ ಬಾಗಿಲಿಗೆ ನಡೆಸಿದ. ಪ್ರತಿ ಬಾಗಿಲಲ್ಲೂ ಒಬ್ಬರು ಹೊರಗೆ ಬಂದು, ನಮ್ಮ ಮನೆಯಲ್ಲೂ ಹೋಗಿದ್ದಾರಮ್ಮಾ ಅಂದಿರಬೇಕು. ಸಂಜೆಯ ಹೊತ್ತಿಗೆ ಅವಳ ಜೊತೆ ಒಂದು ಊರೇ ಇತ್ತು. ಆಡಲು ಮಾತೇ ಹೊರಡದಾಗ ಬಾಯಿಗೆ ಬರುವ ಒಂದು ಪ್ರಾರ್ಥನೆ, ಏನು ಮಾಡಬೇಕೋ ತಿಳಿಯದ ಕೈಗೆ ಒಂದು ವಿಧಿ, ಪಕ್ಕದಲ್ಲಿ ಕೂರಲು ನಾಲ್ಕು ಜನ: ಧರ್ಮ ಕೊಟ್ಟಿರುವುದು ಹೆಚ್ಚಾಗಿ ಇವನ್ನು. ಇವು ಇರುವ ನಾಸ್ತಿಕನೂ ತಾಳಿಕೊಳ್ಳುತ್ತಾನೆ. ಇವಿಲ್ಲದೆ ಬರೀ ಸಿದ್ಧಾಂತ ಹಿಡಿದು ಕೂತ ಆಸ್ತಿಕನಿಗೆ ರಾತ್ರಿ ಉದ್ದ.

ಹಾಗಾದರೆ ದೇವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದೇ? ಇದನ್ನು ಯಾರೂ ನೇರವಾಗಿ ಕೇಳಿಲ್ಲ. ಆದರೆ ಪತ್ರಗಳ ಸಂದಿಯಲ್ಲಿ ಕಾಣುತ್ತದೆ: ‘ಹೀಗೆ ಅನ್ನಬಾರದು, ಆದರೂ…’ ಎಂದು ಶುರುವಾಗಿ ಅರ್ಧಕ್ಕೆ ನಿಂತ ವಾಕ್ಯಗಳಲ್ಲಿ. ಅನ್ನಬಾರದು ಎಂದು ನಿಮಗೆ ಹೇಳಿದವರು ಯಾರು? ದೇವರನ್ನು ಬೈದೇ ಹೊಗಳುವ ನಿಂದಾಸ್ತುತಿ ಎಂಬ ಪ್ರಕಾರವೇ ನಮ್ಮಲ್ಲಿದೆ. ಭಕ್ತರು ದೇವರಿಗೆ ಕುರುಡನೇ, ಕಿವುಡನೇ ಎಂದು ಕೇಳಿದ್ದಾರೆ. ಅಳಬಾರದು, ಅತ್ತರೆ ನಂಬಿಕೆ ಸಾಲದು ಅನ್ನುವವರಿಗೂ ಇಲ್ಲೇ ಒಂದು ಮಾತು: ಪ್ರವಾದಿ ಮುಹಮ್ಮದರು ತಮ್ಮ ಎಳೆಯ ಮಗ ಇಬ್ರಾಹಿಂ ತೀರಿಕೊಂಡಾಗ ಎಲ್ಲರೆದುರೇ ಕಣ್ಣೀರಿಟ್ಟರು. ತೀರಿಕೊಂಡ ಸ್ನೇಹಿತ ಲಾಜರನ ಸಮಾಧಿಯತ್ತ ಹೊರಟಾಗ ಯೇಸು ಅತ್ತ.

ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬರು ಇರಬೇಕಲ್ಲ. ಮಾತು ಬಿಟ್ಟವರ ಮೇಲೆ ಯಾರೂ ಕೂಗಾಡುವುದಿಲ್ಲ. ಬೈಬಲ್ಲಿನಲ್ಲಿರುವ ಹೀಬ್ರೂ ಕೀರ್ತನೆಗಳಲ್ಲಿ ಗೋಳಿನ ಕೀರ್ತನೆಗಳು ಬಹಳ ಇವೆ, ಹೆಚ್ಚಿನವು ಕೊನೆಗೆ ಹೇಗೋ ಸಮಾಧಾನದ ದಡ ಮುಟ್ಟುತ್ತವೆ. 88ನೆಯದು ಮುಟ್ಟುವುದಿಲ್ಲ. ಹಗಲೂ ರಾತ್ರಿ ಕೂಗಿದ್ದೇನೆ, ಮುಖ ಯಾಕೆ ಮರೆಮಾಡುತ್ತೀ ಎಂದು ಕೇಳುತ್ತಾ ಕೇಳುತ್ತಾ ನಿಂತುಬಿಡುತ್ತದೆ. ಮೂಲ ಭಾಷೆಯಲ್ಲಿ ಅದರ ಕಡೆಯ ಪದ ‘ಕತ್ತಲೆ’. ಸಂಕಲನ ಮಾಡಿದವರು ಅದರ ಕೆಳಗೆ ಒಂದು ಸಾಲು ಸಮಾಧಾನ ಸೇರಿಸಬಹುದಿತ್ತು, ಅಥವಾ ಇದು ಬೇಡ ಎಂದು ಕೈಬಿಡಬಹುದಿತ್ತು. ಎರಡನ್ನೂ ಮಾಡದೆ, ಹಾಗೇ ಪ್ರಾರ್ಥನೆಗಳ ನಡುವೆ ಇಟ್ಟರು.