ಸಿಹಿ ಜಾಸ್ತಿ ತಿಂದರೆ ಮಕ್ಕಳಿಗೆ ಜಂತುಹುಳ ಆಗುತ್ತಾ?

ಆಗುವುದಿಲ್ಲ. ಬೆಲ್ಲಕ್ಕೂ ಆಗುವುದಿಲ್ಲ, ಚಾಕ್ಲೇಟಿಗೂ ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಹುಳ ಹುಟ್ಟಲು ಮೊಟ್ಟೆ ಬೇಕು, ಮೊಟ್ಟೆ ಇಡಲು ಇನ್ನೊಂದು ಹುಳ ಬೇಕು. ಕೊಳೆತ ಮಾಂಸದಲ್ಲಿ ಹುಳ ತಾನಾಗಿ ಹುಟ್ಟುತ್ತದೆ ಎಂದು ಜನ ನಂಬಿದ್ದಾಗ, ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ನೋಡಿದರು. ನೊಣ ಕೂರದ ಮಾಂಸದಲ್ಲಿ ಹುಳವೇ ಇಲ್ಲ. ಅದು 1668ರಲ್ಲಿ. ನಾವಿನ್ನೂ ಲಾಡು ಹುಳವಾಗುತ್ತದೆ ಎನ್ನುತ್ತಿದ್ದೇವೆ!

ಜಂತುಹುಳಗಳಲ್ಲೊಂದಾದ ದುಂಡುಹುಳದ ದಾರಿ ನೋಡಿ. ಹೆಣ್ಣು ಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅವು ಮಲದ ಜೊತೆ ಹೊರಗೆ ಬೀಳುತ್ತವೆ. ತೇವದ ಮಣ್ಣಿನಲ್ಲಿ ಎರಡು ಮೂರು ವಾರ ಬಲಿಯುತ್ತವೆ. ಆಮೇಲೆ ತೊಳೆಯದ ಸೊಪ್ಪಿನಲ್ಲೋ ಉಗುರಿನ ಸಂದಿಯಲ್ಲೋ ಬಾಯಿಗೆ ಹೋಗುತ್ತವೆ. ಕರುಳಲ್ಲಿ ಮರಿ ಹೊರಬಂದು, ರಕ್ತದಲ್ಲಿ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ಮತ್ತೆ ಕರುಳಿಗೆ ಇಳಿಯುತ್ತದೆ. ಇದರಲ್ಲಿ ಬೆಲ್ಲ ಎಲ್ಲಿ ಬಂತು ಹೇಳಿ? ಕೊಕ್ಕೆಹುಳವಂತೂ ಬರಿಗಾಲಿನ ಚರ್ಮ ಕೊರೆದೇ ಒಳಗೆ ಬರುತ್ತದೆ.

"ಇರುವ ಹುಳ ಸಿಹಿ ತಿಂದು ಹೆಚ್ಚಾಗುತ್ತಲ್ವಾ?" ಅದೂ ಇಲ್ಲ. ದುಂಡುಹುಳದ ಮೊಟ್ಟೆ ಹೊಟ್ಟೆಯೊಳಗೇ ಮರಿಯಾಗುವುದಿಲ್ಲ, ಮಣ್ಣಿಗೆ ಹೋಗಿಯೇ ಬರಬೇಕು. ಮಗು ಮತ್ತೆ ಮೊಟ್ಟೆ ನುಂಗದೆ ಹುಳದ ಸಂಖ್ಯೆ ಏರುವುದಿಲ್ಲ.

ಹಲ್ಲಿಗಾಗಿ ಸಿಹಿ ಕಡಿಮೆ ಮಾಡಿ, ಒಳ್ಳೆಯದೇ. ನನ್ನ ಸಂಕಟ ಬೇರೆ. ಸಿಹಿ ಕಿತ್ತುಕೊಂಡು, ಕೈ ತೊಳೆಸದೆ ಸುಮ್ನೆ ಇದ್ದುಬಿಡುತ್ತಾರೆ. ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ ಅನ್ನು ಬೇಡ ಎನ್ನುತ್ತಾರೆ. ದಯವಿಟ್ಟು ಕೊಡಿಸಿ. ಉಗುರು ಕತ್ತರಿಸಿ, ಚಪ್ಪಲಿ ಹಾಕಿಸಿ.

ಅಂದ ಹಾಗೆ, ಇಷ್ಟು ಹುಳ ಇದ್ದೂ ಹೆಚ್ಚಿನ ಮಕ್ಕಳು ಓಡಾಡಿಕೊಂಡೇ ಇರುತ್ತಾರಲ್ಲ, ಯಾಕೆ? ಮಗು ಸತ್ತರೆ ಹುಳಕ್ಕೂ ನೆಲೆ ಇಲ್ಲ. ಆದರೆ ಇನ್ನೊಂದು ಜೀವಿಯನ್ನು ನಂಬಿ ಬದುಕುವ ಎಲ್ಲ ಪರಾವಲಂಬಿಗಳೂ ಹೀಗಲ್ಲ. ಪಪ್ಪಾಯಿ, ಹಿಪ್ಪುನೇರಳೆ ತೋಟಗಳಿಗೆ ಹಿಟ್ಟುತಿಗಣೆ ಎಂಬ, ಗಿಡದ ರಸ ಹೀರುವ ಬಿಳಿ ಕೀಟ ಮುತ್ತಿದಾಗ, 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ಪುಟ್ಟ ಕಣಜಗಳನ್ನು ತರಿಸಿದರು. ಅಸಿರೊಫಾಗಸ್ ಪಪಾಯೆ ಅವುಗಳಲ್ಲೊಂದು. ಅದು ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು, ತಿಗಣೆಯನ್ನು ಕೊಂದು ಹೊರಬರುತ್ತದೆ. ತೋಟಗಳಿಗೆ ಬಿಟ್ಟ ಮೇಲೆ ತಿಗಣೆಯ ಹಾವಳಿ ತಗ್ಗಿತು.