ಟ್ರಿಮ್ ಅಂದರೆ ತೂಕ ಅಲ್ಲ

ದಾವಣಗೆರೆಯಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡಿ ಬರುವವರು ಈಗ ಜಾಸ್ತಿ. ಸಂತೋಷವೇ. ಆದರೆ ಕೋರ್ಸ್ ಮುಗಿಸಿದವರ ಬಾಯಲ್ಲೂ ಅದೇ ಮಾತು: ‘ಟ್ರಿಮ್ ಸರಿ ಇರಲಿಲ್ಲ, ಇನ್ನೊಂದು ಕೆ.ಜಿ. ಹಾಕಿಸಿಕೊಂಡೆ.’ ಅಂದರೆ, ಮುಳುಗೋಕೆ ಅಂತ ಸೊಂಟದ ಬೆಲ್ಟಿಗೆ ಕಟ್ಟುವ ಸೀಸ. ಎಷ್ಟು ಸಲ ಅಂತ ಕೇಳೋದು!

ತೇಲೋದು, ಮುಳುಗೋದು ಬಯನ್ಸಿಯ ಲೆಕ್ಕ. ನೀರಿನಲ್ಲಿ ಮೈ ಯಾವ ಓರೆಯಲ್ಲಿದೆ ಅನ್ನೋದು ಟ್ರಿಮ್. ಹಡಗಿನವರೂ ಹಾಗೇ ಹೇಳುತ್ತಾರೆ: ಮೂತಿ ಎಷ್ಟು ಮುಳುಗಿದೆ, ಹಿಂಭಾಗ ಎಷ್ಟು ಮುಳುಗಿದೆ, ಅದರ ವ್ಯತ್ಯಾಸ ಟ್ರಿಮ್. ನಮಗೆ ಬೇಕಾದದ್ದು ಭುಜದಿಂದ ಮಂಡಿವರೆಗೆ ಮಟ್ಟ.

ಎರಡೂ ಕಲಸುಮೇಲೋಗರ ಆಗೋದಕ್ಕೆ ಕಾರಣ ಇದೆ. ಕಾಲು ಕೆಳಗೆ ಜೋತಿದೆ ಅಂದುಕೊಳ್ಳಿ. ಫಿನ್ (ಪಾದಕ್ಕೆ ಹಾಕುವ ರೆಕ್ಕೆ) ಒದ್ದಾಗೆಲ್ಲ ಮುಂದೆ ಹೋಗುವ ಬದಲು ಅರ್ಧ ಮೇಲಕ್ಕೆ ಹೋಗುತ್ತೀರಿ. ‘ಅಯ್ಯೋ, ತೇಲ್ತಾ ಇದೀನಿ’ ಅಂತ ತೇಲೋಕೆ ಗಾಳಿ ತುಂಬಿಸುವ ಜಾಕೆಟ್ಟಿನಿಂದ ಗಾಳಿ ಬಿಡುತ್ತೀರಿ, ಮುಂದಿನ ಡೈವಿಗೆ ಸೀಸ ಸೇರಿಸುತ್ತೀರಿ. ಈಗ ಒದೆಯೋದು ನಿಲ್ಲಿಸಿದರೆ ಮುಳುಗುತ್ತೀರಿ. ಹಾಗಾಗಿ ನಿಲ್ಲಿಸೋ ಹಾಗಿಲ್ಲ. ಕೈ ಬಡಿಯುತ್ತಾ ಇರುತ್ತದೆ, ಫಿನ್ ತಳದ ಮರಳೆಬ್ಬಿಸಿ ಹಿಂದಿನವರ ಕಣ್ಣಿಗೆ ಏನೂ ಕಾಣದ ಹಾಗೆ ಮಾಡುತ್ತದೆ, ಜೊತೆಯವರ ಗಾಳಿ ಟ್ಯಾಂಕ್ ಅರ್ಧ ಇರುವಾಗಲೇ ನಿಮ್ಮದು ತಳ ಹಿಡಿದಿರುತ್ತದೆ. ಸೇರಿಸಿದ ಸೀಸವೂ ಸೊಂಟದ ಬೆಲ್ಟಿಗೇ ಹೋಗುತ್ತದೆ ಅಲ್ವಾ? ಕಾಲು ಇನ್ನಷ್ಟು ಜೋಲುತ್ತದೆ.

ಎದೆಯ ಗಾಳಿ ಮೇಲಕ್ಕೆ ಎಳೆಯುತ್ತದೆ. ಬೆಲ್ಟ್ ಮತ್ತು ರಬ್ಬರ್ ಫಿನ್ ಕೆಳಕ್ಕೆ ಎಳೆಯುತ್ತವೆ. ಎತ್ತುವ ಜಾಗ, ಎಳೆಯುವ ಜಾಗ ಒಂದೇ ನೇರಕ್ಕೆ ಬರೋವರೆಗೂ ಮೈ ತಿರುಗುತ್ತದೆ. ಮೆಕ್ಕೆಜೋಳದ ಚೀಲವನ್ನೆಲ್ಲ ಟ್ರೇಲರ್ ಹಿಂದಕ್ಕೇ ಹೇರಿದರೆ ಮೂತಿ ಏಳುತ್ತದೆ. ಅದಕ್ಕೆ ಯಾರಾದರೂ ಇನ್ನೊಂದು ಚೀಲ ಹಿಂದಕ್ಕೇ ಹಾಕ್ತಾರಾ? ಇದ್ದ ಚೀಲ ಮುಂದಕ್ಕೆ ಸರಿಸುತ್ತಾರೆ. ಇಲ್ಲೂ ಅಷ್ಟೇ. ಪಟ್ಟಿ ಸಡಿಲಿಸಿ ಟ್ಯಾಂಕನ್ನು ಸ್ವಲ್ಪ ತಲೆ ಕಡೆ ಏರಿಸಿ. ಬೆಲ್ಟಿನ ಒಂದು ಕೆ.ಜಿ. ತೆಗೆದು ಟ್ಯಾಂಕಿನ ಪಟ್ಟಿಯ ಜೇಬಿಗೆ ಹಾಕಿ. ಹಗುರ ಫಿನ್ ಸಿಕ್ಕರೆ ನೋಡಿ. ಕೈ ಮುಂದೆ ಚಾಚಿ, ಮಂಡಿ ಮಡಿಸಿ ಪಾದ ಮೇಲೆತ್ತಿ, ಸೊಂಟ ಬಾಗಿಸಬೇಡಿ.

ಈಜುಕೊಳದಲ್ಲಿ ಸರಿಹೋದ ಸೀಸ ಸಮುದ್ರಕ್ಕೆ ಸಾಲೋದಿಲ್ಲ, ಅದು ನಿಜ. ಉಪ್ಪುನೀರು ಸುಮಾರು 2.5% ಭಾರ. ಸಾಮಾನೆಲ್ಲ ಸೇರಿ 100 ಕೆ.ಜಿ. ತೂಗುವವರಿಗೆ ಎರಡೂವರೆ ಕೆ.ಜಿ. ಹೆಚ್ಚಿಗೆ ಬೇಕು. ಆದರೆ ಅದು ಬಯನ್ಸಿಯ ಲೆಕ್ಕ, ಟ್ರಿಮ್‌ದಲ್ಲ.

ಅನುಮಾನ ಇದ್ದರೆ ಡೈವ್ ಕೊನೆಗೆ 5 ಮೀಟರ್ ಆಳದಲ್ಲಿ ನೋಡಿ. ಅಲ್ಯೂಮಿನಿಯಂ ಟ್ಯಾಂಕ್ ಖಾಲಿಯಾದಂತೆ ತೇಲೋಕೆ ಶುರುಮಾಡುವುದರಿಂದ ಸರಿಯಾದ ಪರೀಕ್ಷೆ ಆಗಲೇ. ಕೈಕಾಲು ಆಡಿಸದೆ ಸುಮ್ನೆ ಇರಿ, ಜೊತೆಯವರು ನೋಡಲಿ. ಕಾಲು ಮೊದಲು ಇಳಿದರೆ ಸೀಸ ತಲೆ ಕಡೆಗೆ, ತಲೆ ಇಳಿದರೆ ಸೊಂಟದ ಕಡೆಗೆ. ಮೈ ಮಟ್ಟವಾಗಿದ್ದುಕೊಂಡೇ ಮೇಲೇರುತ್ತಿದ್ದರೆ ಮಾತ್ರ ಆ ಇನ್ನೊಂದು ಕೆ.ಜಿ. ಕೇಳಿ.