ಕಿವಿಯೇ ಸಾಕ್ಷಿ: ಪನಾಹಿಯ ‘ಇಟ್ ವಾಸ್ ಜಸ್ಟ್ ಆ್ಯನ್ ಆಕ್ಸಿಡೆಂಟ್’ ಕುರಿತ ಟಿಪ್ಪಣಿ

ಇರಾನಿನ ನಿರ್ದೇಶಕ ಜಾಫರ್ ಪನಾಹಿಯ ಈ ಸಿನಿಮಾ 2025ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದಿತು. ಇದರ ಬಗ್ಗೆ ಬರೆಯಲು ಕೂತರೆ ನಾವೆಲ್ಲ ‘ಸೇಡು ಸರಿಯೋ ತಪ್ಪೋ’ ಅಂತಲೇ ಶುರು ಮಾಡುತ್ತೇವೆ. ಅದು ಎರಡನೇ ಪ್ರಶ್ನೆ. ಸಿನಿಮಾ ಮೊದಲು ಕೇಳುವುದು ಇದನ್ನು: ಇವನೇ ಅವನು ಅಂತ ಹೇಗೆ ಹೇಳ್ತೀರಿ? ಪರೀಕ್ಷೆಯಲ್ಲಿ ಈ ಸಿನಿಮಾ ಬಗ್ಗೆ ಉತ್ತರ ಬರೆಯುವವರಿಗಾಗಿ ಮಾಡಿದ ಈ ಟಿಪ್ಪಣಿ ಅದರ ಸುತ್ತಲೇ ಇದೆ. ಕೊನೆಯ ದೃಶ್ಯದ ಬಗ್ಗೆಯೂ ಬರೆದಿದ್ದೇನೆ, ಸಿನಿಮಾ ನೋಡದವರು ನೋಡಿಕೊಂಡು ಬನ್ನಿ.

ಕತೆ ಚಿಕ್ಕದು. ರಾತ್ರಿ ಹೊತ್ತು ಒಬ್ಬ ಕಾರು ಓಡಿಸುತ್ತಿದ್ದಾನೆ. ಪಕ್ಕದಲ್ಲಿ ಬಸುರಿ ಹೆಂಡತಿ, ಹಿಂದೆ ಪುಟ್ಟ ಮಗಳು. ಕಾರಿಗೆ ನಾಯಿ ಸಿಕ್ಕಿ ಸಾಯುತ್ತದೆ. ಏನೋ ಆಕಸ್ಮಿಕ, ದೇವರ ಇಚ್ಛೆ ಅನ್ನುವ ಹಾಗೆ ತಾಯಿ ಸಮಾಧಾನ ಮಾಡುತ್ತಾಳೆ. ಮಗಳು ಒಪ್ಪುವುದಿಲ್ಲ. ದೇವರಿಗೂ ಇದಕ್ಕೂ ಸಂಬಂಧ ಇಲ್ಲ, ಕೊಂದಿದ್ದು ಅಪ್ಪ ಅನ್ನುವುದು ಅವಳ ವಾದ. ಸಿನಿಮಾದ ಹೆಸರು ಇಲ್ಲಿಂದ ಬಂತು. ‘ನನ್ನ ಕೈಯಲ್ಲಿ ಏನಿತ್ತು, ಸುಮ್ನೆ ಆಗಿಹೋಯ್ತು’ ಅನ್ನುವ ನೆಪವನ್ನು ಮಗುವೊಂದು ಶುರುವಿನಲ್ಲೇ ತಳ್ಳಿಹಾಕುತ್ತದೆ. ಮುಂದೆ ದೊಡ್ಡವರೆಲ್ಲ ಆ ನೆಪದ ಸುತ್ತಲೇ ಗಿರಕಿ ಹೊಡೆಯುತ್ತಾರೆ.

ಕಾರು ಕೆಟ್ಟು ನಿಲ್ಲುತ್ತದೆ. ಸಹಾಯ ಕೇಳಿಕೊಂಡು ಅವನು ಬರುವ ಜಾಗದಲ್ಲೇ ವಹೀದ್ ಇದ್ದಾನೆ. ಸಂಬಳ ಕೇಳಿ ಹೋರಾಡಿದ್ದಕ್ಕೆ ಜೈಲಿಗೆ ಹೋಗಿ ಬಂದ ಮೆಕ್ಯಾನಿಕ್. ಅಲ್ಲಿ ತಿಂದ ಏಟಿನಿಂದ ಮೂತ್ರಪಿಂಡ ಹಾಳಾಗಿದೆ, ಯಾವಾಗಲೂ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಇರುತ್ತಾನೆ. ಬಂದವನ ಮುಖ ನೋಡುವ ಮೊದಲೇ ಅವನಿಗೆ ಒಂದು ಸದ್ದು ಕೇಳಿಸುತ್ತದೆ. ಕೃತಕ ಕಾಲಿನ ಕಿರ್ ಕಿರ್. ಅಷ್ಟೇ, ಬೆವತುಹೋಗುತ್ತಾನೆ. ಜೈಲಿನಲ್ಲಿ ತನ್ನನ್ನು ಹಿಂಸಿಸಿದ ಎಘ್ಬಾಲ್ ಇವನೇ ಅಂತ ಅವನಿಗೆ ಖಾತ್ರಿ.

ಮರುದಿನ ವಹೀದ್ ಅವನನ್ನು ಹೊಡೆದು ವ್ಯಾನಿಗೆ ಹಾಕಿಕೊಂಡು, ಊರಾಚೆ ಬಯಲಿನಲ್ಲಿ ಗುಂಡಿ ತೋಡಿ ಹೂಳಲು ಹೊರಡುತ್ತಾನೆ. ಗುಂಡಿಯೊಳಗಿಂದ ಅವನು ಕೂಗುತ್ತಾನೆ: ನಾನು ಅವನಲ್ಲ, ಕಾಲು ಹೋಗಿದ್ದು ಈಚೆಗೆ, ಬೇಕಾದರೆ ಗಾಯ ನೋಡು. ವಹೀದ್ ನೋಡುತ್ತಾನೆ. ಕೈ ನಿಲ್ಲುತ್ತದೆ.

ಸಿನಿಮಾ ನಿಜವಾಗಿ ಶುರುವಾಗುವುದು ಇಲ್ಲಿ.

ಕಣ್ಣು ಕಟ್ಟಿದವರ ಗುರುತು

ಜೈಲಿನ ವಿಚಾರಣೆ ಹೊತ್ತಿನಲ್ಲಿ ವಹೀದ್ ಮತ್ತು ಅವನಂಥ ಕೈದಿಗಳ ಕಣ್ಣಿಗೆ ಬಟ್ಟೆ ಕಟ್ಟಿರುತ್ತಿದ್ದರು. ಹಾಗಾಗಿ ಹಿಂಸೆ ಕೊಟ್ಟವನ ಮುಖ ಯಾರಿಗೂ ಗೊತ್ತಿಲ್ಲ. ಪ್ರಜ್ಞೆ ತಪ್ಪಿದವನನ್ನು ವ್ಯಾನಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ವಹೀದ್ ಜೊತೆಗೆ ಜೈಲಿನಲ್ಲಿದ್ದವರನ್ನು ಹುಡುಕಿಕೊಂಡು ತೆಹ್ರಾನ್ ಸುತ್ತುತ್ತಾನೆ. ಫೋಟೋಗ್ರಾಫರ್ ಶಿವಾ ಬೆವರಿನ ವಾಸನೆಯಲ್ಲಿ ಗುರುತು ಹುಡುಕುತ್ತಾಳೆ. ಮುಂಗೋಪಿ ಹಮೀದ್ ಕಾಲನ್ನು ಮುಟ್ಟಿ ನೋಡುತ್ತಾನೆ. ವಹೀದನಿಗೆ ಸದ್ದು. ಒಬ್ಬೊಬ್ಬರಿಗೆ ಒಂದೊಂದು ಇಂದ್ರಿಯ, ಕಣ್ಣು ಮಾತ್ರ ಯಾರಿಗೂ ಇಲ್ಲ. ಇದನ್ನು ಪನಾಹಿ ಎಲ್ಲೂ ಮಾತಿನಲ್ಲಿ ಹೇಳಿಸುವುದಿಲ್ಲ, ಪಾತ್ರಗಳಿಂದ ಮಾಡಿಸುತ್ತಾರೆ. ಉತ್ತರ ಬರೆಯುವಾಗ ಈ ಮೂರೂ ದೃಶ್ಯಗಳನ್ನು ಒಟ್ಟಿಗೆ ತನ್ನಿ.

ಚಿಲಿಯ ಏರಿಯಲ್ ಡಾರ್ಫ್‌ಮನ್ ಬರೆದ ‘ಡೆತ್ ಆ್ಯಂಡ್ ದ ಮೇಡನ್’ ನಾಟಕ ಓದಿದವರಿಗೆ ಇದು ಗೊತ್ತಿರುವ ಕಟ್ಟು. ಅಲ್ಲೂ ಕಣ್ಣು ಕಟ್ಟಿಸಿಕೊಂಡಿದ್ದ ಹೆಣ್ಣು, ಅವಳೂ ದನಿಯಿಂದಲೇ ಗುರುತು ಹಿಡಿಯುತ್ತಾಳೆ. ಆದರೆ ಆ ನಾಟಕ ಒಂದು ಮನೆಯೊಳಗೆ, ಮೂರೇ ಜನರ ನಡುವೆ ನಡೆಯುತ್ತದೆ, ಅದೂ ಸರ್ವಾಧಿಕಾರ ಬಿದ್ದ ಮೇಲೆ. ಪನಾಹಿಯ ಕತೆಯಲ್ಲಿ ಸರ್ಕಾರ ಹಾಗೇ ಕೂತಿದೆ, ಜೈಲು ನಡೆಯುತ್ತಲೇ ಇದೆ. ದೂರು ಕೊಡಲು ಜಾಗವೇ ಇಲ್ಲ. ಮುಚ್ಚಿದ ಮನೆಯ ಬದಲು ಹಾಡಹಗಲಿನ ಬೀದಿ ಬೇರೆ. ಈ ವ್ಯತ್ಯಾಸ ಬರೆದರೆ ಹೋಲಿಕೆಗೆ ತೂಕ ಬರುತ್ತದೆ.

ನಗು ಎಲ್ಲಿಂದ ಬಂತು?

ಇಂಥ ಕತೆಯಲ್ಲಿ ನಗು ಬರುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ? ವ್ಯಾನು ತುಂಬುತ್ತಾ ಹೋಗುವುದನ್ನು ನೋಡಿ. ಮದುವೆಯ ಬಿಳಿ ಗೌನು ತೊಟ್ಟ ಗೋಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಾಳೆ. ಅವಳೂ ಅದೇ ಜೈಲಿನಿಂದ ಬಂದವಳು. ವಿಷಯ ಗೊತ್ತಾದ ತಕ್ಷಣ ಅದೇ ಗೌನಿನಲ್ಲೇ ವ್ಯಾನು ಹತ್ತುತ್ತಾಳೆ, ಮದುಮಗನೂ ಹಿಂದಿನಿಂದ. ಪಾರ್ಕಿಂಗ್‌ನಲ್ಲಿ ಸೆಕ್ಯುರಿಟಿಯವರು ಅಡ್ಡ ಹಾಕುತ್ತಾರೆ. ಲಂಚ ಕೊಡಲು ನಗದು ಇಲ್ಲ ಅಂದರೆ ಅವರೇ ಕಾರ್ಡ್ ಉಜ್ಜುವ ಮೆಷಿನ್ ತೆಗೆಯುತ್ತಾರೆ! ಒಂದೇ ನಿಮಿಷದ ದೃಶ್ಯ. ಎಲ್ಲರೂ ಸೇರಿ ನಡೆಸುವ ವ್ಯವಸ್ಥೆ ಹೇಗಿರುತ್ತದೆ ಅಂತ ಭಾಷಣಕ್ಕಿಂತ ಜಾಸ್ತಿ ಇದೇ ಹೇಳಿಬಿಡುತ್ತದೆ.

ಆಮೇಲೆ ಬರುವುದೇ ನನ್ನ ಪ್ರಕಾರ ಸಿನಿಮಾದ ಎದೆಭಾಗ. ಕಟ್ಟಿಹಾಕಿದವನ ಮೊಬೈಲ್ ರಿಂಗಾಗುತ್ತದೆ. ಮಗಳು ಅಳುತ್ತಿದ್ದಾಳೆ, ಅಮ್ಮ ಎಚ್ಚರ ತಪ್ಪಿ ಬಿದ್ದಿದ್ದಾಳೆ. ಏನು ಮಾಡುವುದು? ಕೊಲ್ಲಲು ಹೊರಟವರೇ ಅವನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಗಂಡು ಮಗು ಹುಟ್ಟುತ್ತದೆ. ವಹೀದ್ ಸಿಹಿ ಕೊಂಡು ತರುತ್ತಾನೆ! ‘ಕ್ಷಮೆಯ ಗೆಲುವು’ ಅಂತ ಇದನ್ನು ಬರೆಯುವವರು ಅವಸರ ಮಾಡುತ್ತಾರೆ. ವಹೀದ್ ಯಾರನ್ನೂ ಕ್ಷಮಿಸಿಲ್ಲ. ಹೆರಿಗೆ ನೋವು ತಿನ್ನುವವಳನ್ನು ಬಿಟ್ಟು ಬರುವುದು ಅವನಿಗೆ ಆಗಲಿಲ್ಲ, ಅಷ್ಟೇ. ಸಿದ್ಧಾಂತಕ್ಕಿಂತ ಮೊದಲು ಬರುವ ಗುಣ ಅದು. ಜೈಲು ಅದನ್ನು ಕಿತ್ತುಕೊಳ್ಳಲು ಆಗಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ.

ಹಮೀದನನ್ನು ಮಾತ್ರ ಖಳನ ಹಾಗೆ ಬರೆಯಬೇಡಿ. ಮುಗಿಸಿಬಿಡೋಣ ಅನ್ನುವ ಅವನ ಮಾತಿಗೆ ಸಿನಿಮಾ ಕೊನೆಯವರೆಗೂ ಪೂರ್ತಿ ಉತ್ತರ ಕೊಡುವುದಿಲ್ಲ. ಬಿಟ್ಟರೆ ಇವನು ಸುಮ್ಮನಿರುತ್ತಾನಾ?

ನಿರ್ದೇಶಕರ ಹಿನ್ನೆಲೆ

ಇಲ್ಲಿ ಬೇಕಾದಷ್ಟೇ ಬರೆಯಿರಿ. 2010ರಲ್ಲಿ ಪನಾಹಿಗೆ 6 ವರ್ಷ ಜೈಲು, 20 ವರ್ಷ ಸಿನಿಮಾ ಮಾಡಬಾರದು ಎಂಬ ಶಿಕ್ಷೆಯಾಯಿತು. ಗುಟ್ಟಾಗಿ ಸಿನಿಮಾ ಮಾಡುತ್ತಲೇ ಬಂದರು. 2022ರ ಜುಲೈನಲ್ಲಿ ಅವರನ್ನು ಹಿಡಿದು ತೆಹ್ರಾನಿನ ಎವಿನ್ ಜೈಲಿಗೆ ಹಾಕಿದರು. ಉಪವಾಸಕ್ಕೆ ಕೂತ ಮೇಲೆ, 2023ರ ಫೆಬ್ರವರಿಯಲ್ಲಿ ಬಿಡುಗಡೆ. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದರು, ಪ್ರಶ್ನೆ ಕೇಳುವವನ ದನಿ ಬೆನ್ನ ಹಿಂದಿನಿಂದ ಬರುತ್ತಿತ್ತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಚಿತ್ರಕತೆಗೆ ಕೈಜೋಡಿಸಿದ ಮೆಹ್ದಿ ಮಹಮೂದಿಯನ್ ಕೂಡ ಜೈಲು ಕಂಡವರೇ. ಶೂಟಿಂಗ್‌ಗೆ ಸರ್ಕಾರದ ಅನುಮತಿ ಕೇಳಲೇ ಇಲ್ಲ. ವ್ಯಾನಿನೊಳಗೆ ಅಷ್ಟೊಂದು ದೃಶ್ಯ ಯಾಕಿವೆ ಅನ್ನುವುದಕ್ಕೆ ಇದೂ ಒಂದು ಕಾರಣ ಅನಿಸುತ್ತದೆ. ಆಸ್ಕರ್‌ಗೆ ಸಿನಿಮಾವನ್ನು ಕಳಿಸಿದ್ದು ಫ್ರಾನ್ಸ್.

ಕೊನೆಯ ಎರಡು ದೃಶ್ಯ

ರಾತ್ರಿ. ಅವನನ್ನು ಮರಕ್ಕೆ ಕಟ್ಟಿದ್ದಾರೆ, ಈ ಸಲ ಕಣ್ಣಿಗೆ ಬಟ್ಟೆ ಅವನಿಗೆ. ವ್ಯಾನಿನ ಕೆಂಪು ಬೆಳಕು ಮುಖದ ಮೇಲೆ. ಉದ್ದನೆಯ ಶಾಟ್, ಕ್ಯಾಮರಾ ಅವನನ್ನು ಬಿಟ್ಟು ಅಲುಗುವುದಿಲ್ಲ. ಮೊದಲು ಜಂಬ, ಬೈಗುಳ, ಆಮೇಲೆ ಒಡೆದುಹೋಗುವುದು. ಎಘ್ಬಾಲ್ ತಾನೇ ಅಂತ ಒಪ್ಪಿ ಕ್ಷಮೆ ಕೇಳುತ್ತಾನೆ. ಆ ಅಳು ನಿಜವೋ ಜೀವಭಯವೋ? ಎರಡೂ ಇರಬಹುದು ಅಂತ ನನ್ನ ಲೆಕ್ಕ. ಪ್ರಶ್ನೆ ಕೇಳುವವರು ದನಿಯಾಗಿ, ಉತ್ತರ ಕೊಡುವವನು ಮುಖವಾಗಿ ಕಾಣುವ ಈ ಅದಲುಬದಲನ್ನು ಖಂಡಿತ ಗಮನಿಸಿ. ಕೊಲ್ಲದೆ ಬಿಟ್ಟುಹೋದರೂ, ಆ ಒಂದು ರಾತ್ರಿ ಇವರೂ ಅವನ ಜಾಗದಲ್ಲಿ ನಿಂತು ನೋಡಿದ್ದಾರೆ.

ಕೊನೆಯ ಶಾಟ್‌ನಲ್ಲಿ ವಹೀದನ ಬೆನ್ನು, ಹಿಂದಿನಿಂದ ಅದೇ ಕಿರ್ ಕಿರ್. ಯಾರೂ ಕಾಣುವುದಿಲ್ಲ. ಅವನೇ ಬಂದನಾ, ಇಲ್ಲ ವಹೀದನ ಕಿವಿಯಲ್ಲಿ ಉಳಿದ ಸದ್ದಾ ಅಂತ ಚರ್ಚೆ ನಡೆಯುತ್ತಲೇ ಇದೆ. ಪರೀಕ್ಷೆಯಲ್ಲಿ ಒಂದನ್ನೇ ಹಿಡಿದು ವಾದಿಸಬಹುದು, ತಪ್ಪೇನಿಲ್ಲ. ಆದರೆ ವಹೀದ್ ಶುರುವಿನಲ್ಲಿ ನಂಬಿದ್ದು ಇದೇ ಸದ್ದನ್ನು, ಆಗ ಅದು ಸುಳ್ಳು ಹೇಳಿರಲಿಲ್ಲ. ಆ ಕಾರಣಕ್ಕೆ ನಾನು ‘ಅವನೇ ಬಂದ’ ಅನ್ನುವವರ ಕಡೆ.